ಗಡಿಯಾರವನ್ನು ನಿಧಾನಕ್ಕೆ ಒಯ್ದರೆ ಆಗಲ್ವಾ?

ಎರಡು ಗಡಿಯಾರಗಳನ್ನು ಒಂದೇ ಕಡೆ ಹೊಂದಿಸಿ, ಒಂದನ್ನು ಮೆಲ್ಲಗೆ ದೂರ ಒಯ್ದರೆ ಬೆಳಕಿನ ಒಂದು ದಿಕ್ಕಿನ ವೇಗ (ಹೋಗಿ ಬರುವ ಸರಾಸರಿಯಲ್ಲ, ಬರೀ ಹೋಗುವಾಗಿನದು) ಅಳೆಯಬಹುದಲ್ಲ ಅಂತ ಕೇಳಿದ್ದೀರಿ. ನನಗೂ ಮೊದಲು ಹಾಗೇ ಅನ್ನಿಸಿತ್ತು.

ತೊಡಕಿರುವುದು ಆ ‘ಮೆಲ್ಲಗೆ’ಯಲ್ಲೇ. ಚಲಿಸುವ ಗಡಿಯಾರ ಹಿಂದೆ ಬೀಳುತ್ತದೆ. ಮೆಲ್ಲಗೆ ಒಯ್ದಷ್ಟೂ ಆ ವ್ಯತ್ಯಾಸ ಸೊನ್ನೆಯ ಹತ್ತಿರ ಬರುತ್ತದೆ, ನಿಜ. ಆದರೆ ಆ ಲೆಕ್ಕವೇ ಬೆಳಕಿಗೆ ಹೋಗುವಾಗಲೂ ಬರುವಾಗಲೂ ಒಂದೇ ವೇಗ ಅಂತ ಮೊದಲೇ ಒಪ್ಪಿಕೊಂಡಿದೆ. ಹೋಗುವಾಗ ಜಾಸ್ತಿ, ಬರುವಾಗ ಕಡಿಮೆ ಅಂತಿಟ್ಟುಕೊಳ್ಳಿ. ಆಗ ಗಡಿಯಾರದ ವ್ಯತ್ಯಾಸವೂ ದಿಕ್ಕಿಗೆ ತಕ್ಕಂತೆ ಬದಲಾಗುತ್ತದೆ, ಎಷ್ಟೇ ಮೆಲ್ಲಗೆ ಒಯ್ದರೂ ಉಳಿದುಬಿಡುತ್ತದೆ. ಬೆಳಕಿನ ವ್ಯತ್ಯಾಸ, ಗಡಿಯಾರದ ವ್ಯತ್ಯಾಸ ಎರಡೂ ಸರಿತೂಗಿ, ಕೊನೆಗೆ ಕಾಣುವುದು ಮತ್ತೆ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರೇ!

1849ರಲ್ಲಿ ಫ್ರೆಂಚ್ ಭೌತವಿಜ್ಞಾನಿ ಫಿಜೊ ಹಲ್ಲಿನ ಚಕ್ರ ತಿರುಗಿಸಿ ಅಳೆದದ್ದು 8 ಕಿಲೋಮೀಟರಿಗೂ ಆಚೆಯ ಕನ್ನಡಿಗೆ ಹೋಗಿ ಬಂದ ಬೆಳಕನ್ನು. ಅಲ್ಲಿ ಎರಡನೇ ಗಡಿಯಾರವೇ ಬೇಕಿಲ್ಲ, ತಕರಾರೂ ಇಲ್ಲ.

ಗುರುಗ್ರಹದ ಚಂದ್ರ ಅಯೋದ ಗ್ರಹಣ ನೋಡಿ 1676ರಲ್ಲಿ ಡೆನ್ಮಾರ್ಕಿನ ಖಗೋಳ ವಿಜ್ಞಾನಿ ರೋಮರ್ ಬೆಳಕಿನ ಬಗ್ಗೆ ಮಾಡಿದ ಲೆಕ್ಕ ಒಂದು ದಿಕ್ಕಿನದೇ ಅಲ್ವಾ ಅಂತ ಮುಂದೆ ಕೇಳುತ್ತೀರಿ, ಗೊತ್ತು. ಅಲ್ಲಿ ನಮ್ಮ ಗಡಿಯಾರ ಭೂಮಿಯ ಜೊತೆ ಸೂರ್ಯನ ಸುತ್ತ ಸಾಗುತ್ತಿರುತ್ತದೆ. ಅಂದರೆ ನಿಮ್ಮ ಉಪಾಯವೇ, ಸ್ವಲ್ಪ ದೊಡ್ಡದಾಗಿ. ಐನ್‌ಸ್ಟೈನ್ 1905ರಲ್ಲಿ ಬೆಳಕಿಗೆ ಎರಡೂ ದಿಕ್ಕಿನಲ್ಲಿ ಹಿಡಿಯುವ ಸಮಯ ಒಂದೇ ಅಂತ ಇಟ್ಟುಕೊಂಡೇ ಮುಂದುವರಿದರು.