ಹಳ್ಳದ ಈಚೆಗೊಂದು ದರ, ಆಚೆಗೊಂದು ದರ

ತೊಗರಿಬೇಳೆ ಇಷ್ಟು ತುಟ್ಟಿಯಾಗಿದ್ದರೂ ಕಲಬುರಗಿಯವರು ಪ್ರತಿ ವರ್ಷ ಬೆಲೆಗಾಗಿ ಏಕೆ ಬೀದಿಗಿಳಿಯುತ್ತೀರಿ, ಮಳೆಯ ಮೇಲಿನ ನಂಬಿಕೆ ಹೋದ ಮೇಲೂ ಅದೇ ಬೆಳೆಯನ್ನು ಏಕೆ ಹಿಡಿದುಕೊಂಡಿದ್ದೀರಿ ಎಂದು ಕೇಳಿದ್ದೀರಿ. ಕೇಳಿದ ದನಿಯಲ್ಲಿ, ಇವರಿಗೆ ಬೇರೇನೂ ತಿಳಿಯದು ಎಂಬ ಭಾವವಿತ್ತು. ನಮಗೆ ತಿಳಿದಿರುವುದನ್ನೇ ಬರೆಯುತ್ತೇನೆ.

ನಮ್ಮದು ಆಳಂದ ತಾಲ್ಲೂಕಿನ ಗಡಿಯ ಊರು. ಇಲ್ಲಿಯ ಯರಿ ಭೂಮಿಯಲ್ಲಿ, ಅಂದರೆ ಕಪ್ಪು ಮಣ್ಣಿನಲ್ಲಿ, ತೊಗರಿ ಜೂನ್-ಜುಲೈನಲ್ಲಿ ಬಿತ್ತನೆಯಾದರೆ ರಾಶಿಗೆ ಬರುವುದು ಡಿಸೆಂಬರ್-ಜನವರಿಗೆ. ಆಳಕ್ಕೆ ಬೇರಿಳಿಸಿ ನೆಲದ ತೇವವನ್ನೇ ಉಂಡು ಬೆಳೆಯುತ್ತದೆ, ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತದೆ, ಕಾಲುವೆಯ ನೀರು ಕೇಳುವುದಿಲ್ಲ. ಹವಾಮಾನ ಬದಲಾವಣೆಗೆ ಹೊಂದಿಕೊಳ್ಳುವ ಬೆಳೆ ಬೇಕು ಎಂದು ಸಮ್ಮೇಳನಗಳಲ್ಲಿ ಹೇಳುವವರು ಹುಡುಕುತ್ತಿರುವುದು ಇಂಥ ಬೆಳೆಯನ್ನೇ. ಅದನ್ನು ನಮ್ಮ ಹಿರಿಯರು ಯಾರ ಸಲಹೆಯೂ ಇಲ್ಲದೆ ಆರಿಸಿಕೊಂಡರು. 2019ರಲ್ಲಿ ಗುಲಬರ್ಗಾ ತೊಗರಿಬೇಳೆಗೆ, ಇದು ಈ ಸೀಮೆಯದೇ ವಿಶೇಷ ಎಂದು ಗುರುತಿಸುವ ಭೌಗೋಳಿಕ ಸೂಚಿಕೆಯ (ಜಿಐ) ಮಾನ್ಯತೆ ಸಿಕ್ಕಿದ್ದು ಈ ಮಣ್ಣಿಗೆ ಸಂದ ಗೌರವವೆಂದೇ ನಾನು ತಿಳಿದಿದ್ದೇನೆ.

ಅಪಾಯವಿಲ್ಲವೆಂದಲ್ಲ. ಮಳೆ ಹದವಾಗಿ ಬೀಳುವುದನ್ನು ಬಿಟ್ಟು ಒಮ್ಮೆಲೇ ಸುರಿದು ಹೊಲದಲ್ಲಿ ನಿಂತರೆ ನೆಟೆ ರೋಗ ಬರುತ್ತದೆ. ನಿನ್ನೆ ಹಸಿರಾಗಿದ್ದ ಸಾಲು ಇಂದು ನಿಂತಲ್ಲೇ ಬಾಡಿರುತ್ತದೆ, ಬುಡ ಸೀಳಿ ನೋಡಿದರೆ ಒಳಗೆ ಕಂದು ಗೆರೆ. ಹೂವಿನ ಕಾಲಕ್ಕೆ ಮೋಡ ಕವಿದರೆ ಹೂ ಉದುರಿ ಕೀಡೆ ಏರುತ್ತದೆ. ಗಿಡದ ಕೆಳಗೆ ಬಟ್ಟೆ ಹಿಡಿದು ರೆಂಬೆ ಅಲುಗಾಡಿಸಿ, ಉದುರಿದ ಕೀಡೆಗಳನ್ನು ಆರಿಸಿ ಕೊಲ್ಲುವ ಕೆಲಸವನ್ನು ನಮ್ಮ ಅವ್ವ ಇಂದಿಗೂ ಮಾಡುತ್ತಾಳೆ. 2020ರ ಅಕ್ಟೋಬರ್‌ನಲ್ಲಿ ಭೀಮಾ ನದಿ ಉಕ್ಕಿದಾಗ ಅಫಜಲಪುರದ ಕಡೆಯ ನೆಂಟರ ಹೊಲಗಳು ನೀರಿನಡಿ ಹೋದವು. 2023ರಲ್ಲಿ ರಾಜ್ಯದ 200ಕ್ಕೂ ಹೆಚ್ಚು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು, ಆ ಪರಿಹಾರಕ್ಕಾಗಿ ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು.

ಇಷ್ಟನ್ನೂ ತಡೆದುಕೊಳ್ಳಬಹುದು. ತಡೆದುಕೊಳ್ಳಲಾಗದ್ದು ಕಾಗದದ ಗಡಿ. ನಮ್ಮ ಮನೆಯ ಹೊಲ ಹಳ್ಳದ ಎರಡೂ ಕಡೆ ಇದೆ. ಈಚೆಯದು ಆಳಂದ ತಾಲ್ಲೂಕು; ಅಜ್ಜಿಯ ತವರಿನಿಂದ ಬಂದ ಆಚೆಯದು ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟ ತಾಲ್ಲೂಕು. ಒಂದೇ ದಿನ, ಒಂದೇ ಚೀಲದ ಬೀಜವನ್ನು ಎರಡೂ ಕಡೆ ಬಿತ್ತುತ್ತೇವೆ. ಆದರೆ ಹೊಲದ ದಾಖಲೆಗೆ ಈಚೆಗೆ ಪಹಣಿ, ಆಚೆಗೆ ಸಾತ್-ಬಾರಾ. ಈಚೆಗೆ ಬೆಳೆ ಸಮೀಕ್ಷೆಯ ಆ್ಯಪ್, ಆಚೆಗೆ ಇ-ಪೀಕ್ ಪಾಹಣಿಯ ಆ್ಯಪ್. ಈಚೆಗೆ ಗ್ರಾಮ ಲೆಕ್ಕಿಗ, ಆಚೆಗೆ ತಲಾಠಿ. ಬೆಳೆ ವಿಮೆಯ ಯೋಜನೆ ಕೇಂದ್ರದ್ದೇ ಆದರೂ ನಷ್ಟದ ಲೆಕ್ಕ ಈಚೆಗೆ ಗ್ರಾಮ ಪಂಚಾಯಿತಿಯ ಸರಾಸರಿಯ ಮೇಲೆ, ಆಚೆಗೆ ಹಲವು ಊರು ಸೇರಿದ ಮಹಸೂಲ್ ಮಂಡಲದ ಸರಾಸರಿಯ ಮೇಲೆ. ಮಹಾರಾಷ್ಟ್ರ ಸರ್ಕಾರ 2023ರಲ್ಲಿ ಒಂದು ರೂಪಾಯಿಗೆ ವಿಮೆ ತಂದಿತು, 2025ರಲ್ಲಿ ನಿಲ್ಲಿಸಿತು. ಅಷ್ಟೂ ಕಾಲ ಈಚೆಯ ಹೊಲಕ್ಕೆ ನಾವು ಮುಂಗಾರಿನ ಬೆಳೆಗೆ ವಿಮಾ ಮೊತ್ತದ ಶೇ 2ರ ಕಂತನ್ನೇ ಕಟ್ಟಿದೆವು. ಇನ್ನೂ ಒಂದು ಮಾತು: ಪರಿಹಾರಕ್ಕೆ ಆಧಾರವಾದ ಇಳುವರಿಯನ್ನು ಹಿಂದಿನ 7 ವರ್ಷಗಳಲ್ಲಿ ಉತ್ತಮವಾದ 5 ವರ್ಷಗಳ ಸರಾಸರಿಯಿಂದ ಕಟ್ಟುತ್ತಾರೆ. ಮೇಲಿಂದ ಮೇಲೆ ಬೆಳೆ ಕೆಟ್ಟ ಕಡೆ ಆ ಸರಾಸರಿಯೇ ಕುಸಿಯುತ್ತದೆ. ಹವಾಮಾನದ ಪೆಟ್ಟು ಹೆಚ್ಚು ತಿಂದವನಿಗೆ ರಕ್ಷಣೆ ಕಡಿಮೆಯಾಗುವ ಈ ಲೆಕ್ಕವನ್ನು ಸರಿಪಡಿಸದೆ ಹವಾಮಾನ ನೀತಿಯ ಬಗ್ಗೆ ಮಾತಾಡುವುದರಲ್ಲಿ ಅರ್ಥವಿಲ್ಲ.

ಮಾರಾಟದ ಹೊತ್ತಿಗೆ ಗೋಜಲು ಮತ್ತೂ ಬಿಗಿಯಾಗುತ್ತದೆ. 2024-25ಕ್ಕೆ ಕೇಂದ್ರ ಗೊತ್ತುಮಾಡಿದ ತೊಗರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 7,550 ರೂಪಾಯಿ ಇತ್ತು. ಅದರ ಮೇಲೆ ನಮ್ಮ ರಾಜ್ಯ ಸರ್ಕಾರ 450 ರೂಪಾಯಿ ಸೇರಿಸಿ 8,000 ಮಾಡಿತು. ಒಳ್ಳೆಯ ನಿರ್ಧಾರ, ಅದನ್ನು ಮನಸಾರೆ ಮೆಚ್ಚುತ್ತೇನೆ. ಆದರೆ ಆಚೆಯ ಹೊಲದ ತೊಗರಿಗೆ ಆ 450 ಇರಲಿಲ್ಲ. ಒಂದೇ ಕಣದಲ್ಲಿ ರಾಶಿ ಮಾಡಿ ಒಂದೇ ಟ್ರ್ಯಾಕ್ಟರಿನಲ್ಲಿ ತಂದ ಚೀಲಗಳನ್ನು ಖರೀದಿ ಕೇಂದ್ರದವರು ತೇವಾಂಶ ನೋಡಿ, ಸರಿಯಿದೆ ಎಂದ ಮೇಲೂ, ಇದರಲ್ಲಿ ಮಹಾರಾಷ್ಟ್ರದ ಮಾಲು ಸೇರಿದೆಯೇ ಎಂದು ನಮ್ಮ ಕಾಕಾನನ್ನು ಎಲ್ಲರೆದುರು ಪ್ರಶ್ನಿಸಿದರು. ಹೊರರಾಜ್ಯದ ವ್ಯಾಪಾರಿಗಳು ಮಾಲು ನುಗ್ಗಿಸಬಾರದೆಂಬ ಎಚ್ಚರಿಕೆ ಸರಿಯೇ. ಆದರೆ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಅಡತಿಯ ದಲ್ಲಾಳಿಗಳೊಡನೆ ದಖನಿ ಉರ್ದು ಆಡುತ್ತ ಬದುಕಿದ ಮುದುಕನನ್ನು ಕಳ್ಳನಂತೆ ನಿಲ್ಲಿಸಿದ್ದು ಸರಿಯಲ್ಲ. ಅಕ್ಕಲಕೋಟ ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲೇ ವರದಿ ಕೊಟ್ಟಿತ್ತು. ಆ ವಿವಾದವನ್ನು ಇಲ್ಲಿ ಎಳೆಯಲಾರೆ. ನೀವು ಮರಾಠಿಯವರಾ ಎಂದು ಬೆಂಗಳೂರಿನಲ್ಲಿ, ನೀವು ಕನ್ನಡದವರಾ ಎಂದು ಸೊಲ್ಲಾಪುರದಲ್ಲಿ ಕೇಳಿಸಿಕೊಳ್ಳುವವರು ನಾವು ಎಂಬುದಷ್ಟೇ ನಿಮಗೆ ಗೊತ್ತಿರಲಿ.

ಇನ್ನು ತುಟ್ಟಿಯ ಮಾತು. 2024ರ ನಡುವಿನಲ್ಲಿ ಕಲಬುರಗಿಯ ಎಪಿಎಂಸಿಯಲ್ಲಿ ತೊಗರಿ ಕ್ವಿಂಟಲ್‌ಗೆ 12 ಸಾವಿರದ ಆಸುಪಾಸಿಗೆ ಹೋದಾಗ ಸಣ್ಣ ರೈತರ ಮನೆಗಳಲ್ಲಿ ಮಾರಲು ಒಂದು ಚೀಲವೂ ಇರಲಿಲ್ಲ. ಬಿತ್ತನೆಯ ಸಾಲ ತೀರಿಸಲು ರಾಶಿಯಾದ ಕೂಡಲೇ ಮಾರಿಬಿಟ್ಟಿದ್ದರು. ನಮ್ಮ ಹೊಸ ಮಾಲು ಬರುವ 2025ರ ಜನವರಿಯಲ್ಲಿ ಅದೇ ದರ ಬೆಂಬಲ ಬೆಲೆಗಿಂತ ಕೆಳಗಿಳಿಯಿತು. ಆಮದಿನ ಕೈ ಇದರಲ್ಲಿ ದೊಡ್ಡದು: 2021ರ ಮೇ ತಿಂಗಳಲ್ಲಿ ತೊಗರಿಯ ಆಮದನ್ನು ನಿರ್ಬಂಧದಿಂದ ಬಿಡಿಸಿದರು, 2023ರಲ್ಲಿ ಸುಂಕವನ್ನೂ ತೆಗೆದರು, ಅವಧಿ ಮುಗಿಯುವ ಮೊದಲೇ ವಿಸ್ತರಿಸುತ್ತ ಬಂದರು. ಮೊಜಾಂಬಿಕ್ ಮುಂತಾದ ಆಫ್ರಿಕಾ ದೇಶಗಳ ತೊಗರಿ ಬಂದರಿಗೆ ಇಳಿಯುವುದು ನಮ್ಮ ಗಿಡ ಕಾಯಿ ಕಟ್ಟುವ ಹೊತ್ತಿಗೆ. ಪಟ್ಟಣದ ಬಡವನಿಗೆ ಬೇಳೆ ಅಗ್ಗವಾಗಿ ಸಿಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಭಾರವನ್ನು ಸರ್ಕಾರದ ಬೊಕ್ಕಸ ಹೊರಬೇಕೇ ಹೊರತು ಒಣಭೂಮಿಯ ರೈತನಲ್ಲ. ಇನ್ನು ಸುಂಕ ಹಾಕುವುದೋ ಬಿಡುವುದೋ ಎಂಬುದನ್ನು ಬಿತ್ತನೆಗೆ ಮೊದಲೇ ಹೇಳಿದರೆ ಎಷ್ಟು ಎಕರೆಗೆ ತೊಗರಿ ಹಾಕಬೇಕೆಂದು ನಾವು ಲೆಕ್ಕ ಹಾಕುತ್ತೇವೆ.

ಅದೇ ಬೆಳೆಯನ್ನು ಏಕೆ ಹಿಡಿದುಕೊಂಡಿದ್ದೀರಿ ಎಂದಿರಲ್ಲ, ಬೇರೆ ಬೆಳೆಗೆ ಹೊರಳುವುದು ಕಣ್ಣೆದುರೇ ನಡೆದಿದೆ. ಕಬ್ಬಿಗೆ ಕಾರ್ಖಾನೆ ಕೊಡಲೇಬೇಕಾದ ದರವನ್ನು ಕಾನೂನು ಗೊತ್ತುಮಾಡಿದೆ. ತೊಗರಿಯ ಬೆಂಬಲ ಬೆಲೆಗೆ ಆ ಬಲವಿಲ್ಲ, ಅದಕ್ಕಿಂತ ಕಡಿಮೆಗೆ ಕೊಂಡ ವ್ಯಾಪಾರಿಯನ್ನು ಯಾರೂ ಕೇಳುವಂತಿಲ್ಲ. ಹೀಗಾಗಿ ನೀರು ಕೇಳದ ಬೆಳೆಯನ್ನು ಬಿಟ್ಟು ವರ್ಷವಿಡೀ ನೀರು ಕುಡಿಯುವ ಬೆಳೆಯತ್ತ ಜನ ಹೊರಳುತ್ತಿದ್ದಾರೆ. ಆಚೆಯ ಹೊಲಕ್ಕೆ ಬೋರು ಹಾಕಿಸಿ ಕಬ್ಬು ಹಚ್ಚೋಣ ಎಂದು ಕಾಕಾ ಈ ಸಲ ಪಟ್ಟು ಹಿಡಿದಿದ್ದಾರೆ. ಸುತ್ತಲ ಬಾವಿಗಳು ಫೆಬ್ರುವರಿಗೇ ತಳ ಕಾಣುತ್ತಿರುವಾಗ ಅದು ಬೇಡವೆಂದು ನಾನು ವಾದಿಸುತ್ತಿದ್ದೇನೆ. ಆದರೆ ತೊಗರಿಗೆ ಎಷ್ಟು ದರ ಕೊಡಿಸುತ್ತೀ ಎಂದು ಅವರು ಕೇಳಿದರೆ ಹೇಳಲು ನನ್ನ ಬಳಿ ಒಂದು ಅಂಕಿಯೂ ಇಲ್ಲ.