ನಿದ್ದೆಯಲ್ಲೂ ಎಚ್ಚರ ಇದ್ದಂತಾಗುತ್ತದೆ ಎಂದವರಿಗೆ

ಅಕ್ಕಾ, ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ನಾಲ್ಕು ತಿಂಗಳಿಂದ ದಿನಾ ಧ್ಯಾನಕ್ಕೆ ಕೂರುತ್ತಿದ್ದೀರಿ. ಈಗ ರಾತ್ರಿ "ಮೈ ಮಲಗಿದೆ, ನಾನು ಮಾತ್ರ ಎಚ್ಚರ ಇದ್ದೇನೆ" ಅನ್ನಿಸುತ್ತದೆ. ಒಂದು ಬೆಳಗಿನ ಜಾವ ಕೈಕಾಲು ಆಡಿಸಲೂ ಆಗಲಿಲ್ಲ. ನಿದ್ದೆ ಕೆಡುತ್ತಿದೆಯಾ, ಧ್ಯಾನ ಬಿಡಲಾ ಅಂತ ಕೇಳಿದ್ದೀರಿ.

ಮೊದಲು ಕೈಕಾಲಿನ ವಿಷಯ, ಯಾಕೆಂದರೆ ನೀವು ಹೆದರಿರುವುದು ಅದಕ್ಕೇ. ಕನಸು ಜೋರಾಗಿ ಬೀಳುವಾಗ ರೆಪ್ಪೆಯೊಳಗೆ ಕಣ್ಣು ಚಕಚಕ ಓಡಾಡುತ್ತಿರುತ್ತದೆ. ಆ ಹಂತಕ್ಕೆ ಆರ್‌ಇಎಂ ನಿದ್ದೆ ಎನ್ನುತ್ತಾರೆ. ಆಗ ಮಿದುಳು ಕಣ್ಣು ಮತ್ತು ಉಸಿರಾಟದ ಸ್ನಾಯುಗಳನ್ನು ಬಿಟ್ಟು ಮೈಯ ಉಳಿದ ಸ್ನಾಯುಗಳನ್ನು ಹೆಚ್ಚುಕಮ್ಮಿ ಸಡಿಲ ಬಿಟ್ಟಿರುತ್ತದೆ, ಕನಸಲ್ಲಿ ಓಡಿದರೆ ಹಾಸಿಗೆಯಲ್ಲಿ ಕಾಲು ಬೀಸಬಾರದಲ್ವಾ, ಅದಕ್ಕೆ. ಕೆಲವೊಮ್ಮೆ ಎಚ್ಚರ ಮೊದಲು ಬಂದುಬಿಡುತ್ತದೆ, ಸ್ನಾಯುಗಳು ಆಮೇಲೆ ಏಳುತ್ತವೆ. ಎದೆ ಮೇಲೆ ಯಾರೋ ಕೂತ ಹಾಗೆ, ಕೋಣೆಯಲ್ಲಿ ಯಾರೋ ನಿಂತ ಹಾಗೆ ಅನ್ನಿಸುವುದೂ ಉಂಟು. ಉಸಿರಾಟ ನಿಲ್ಲುವುದಿಲ್ಲ. ಸಾಮಾನ್ಯವಾಗಿ ಕೆಲವು ಸೆಕೆಂಡು, ಹೆಚ್ಚೆಂದರೆ ಕೆಲವು ನಿಮಿಷ ಅಷ್ಟೆ. ಮತ್ತೆ ಬಂದರೆ ಒದ್ದಾಡಬೇಡಿ. ಉಸಿರನ್ನು ನಿಧಾನವಾಗಿ ಬಿಡುತ್ತಾ ಕಿರುಬೆರಳೊಂದನ್ನು ಅಲ್ಲಾಡಿಸಲು ನೋಡಿ. ನಿದ್ದೆಗೆಟ್ಟ ದಿನಗಳಲ್ಲಿ, ಅಂಗಾತ ಮಲಗಿದಾಗ ಇದು ಜಾಸ್ತಿ. ಮಗ್ಗುಲಾಗಿ ಮಲಗಿ.

ಇನ್ನು ಎಚ್ಚರದ ಮಾತು. ಎಲ್ಲ ಎಚ್ಚರವೂ ಒಂದೇ ಅಲ್ಲ. ಜೊಂಪು ಹತ್ತುವಾಗಿನ ತೆಳು ನಿದ್ದೆಯಲ್ಲಿ ನನ್ನ ಗೊರಕೆ ನನಗೇ ಕೇಳಿಸಿದೆ. ಮಲಗೇ ಇಲ್ಲ ಅಂದುಕೊಂಡು ಗಡಿಯಾರ ನೋಡಿದರೆ ನಲವತ್ತು ನಿಮಿಷ ಕಳೆದಿತ್ತು. ಧ್ಯಾನದಲ್ಲಿ ಮನಸ್ಸನ್ನು ಗಮನಿಸುವ ರೂಢಿ ಆದ ಮೇಲೆ ಈ ಮಂಪರು ಕಣ್ಣಿಗೆ ಬೀಳುತ್ತದೆ. ಮೊದಲೂ ಇತ್ತು, ನಾವು ನೋಡಿರಲಿಲ್ಲ.

ಕನಸಿನೊಳಗೆ ಎಚ್ಚರವಾಗುವುದು ಬೇರೆ. ನನಗೆ ಮೊದಲ ಸಲ ಆದಾಗ ಕನಸಲ್ಲಿ ದೀಪದ ಸ್ವಿಚ್ ಒತ್ತುತ್ತಿದ್ದೆ. ಹತ್ತುತ್ತಿಲ್ಲ. ಮತ್ತೆ ಒತ್ತಿದೆ. ಕೈ ನೋಡಿಕೊಂಡರೆ ಆರು ಬೆರಳು! "ಓ, ಇದು ಕನಸು" ಅಂತ ಹೊಳೆಯಿತು, ಆ ಖುಷಿಗೇ ಎಚ್ಚರವಾಗಿಬಿಟ್ಟಿತು. ಇದು ಬರೀ ಭ್ರಮೆಯಲ್ಲ. 1975ರಲ್ಲಿ ಇಂಗ್ಲೆಂಡಿನಲ್ಲಿ ಸಂಶೋಧಕ ಕೀತ್ ಹರ್ನ್ ಅವರ ಪ್ರಯೋಗದಲ್ಲಿ, ಮಲಗಿದ್ದ ವ್ಯಕ್ತಿಯೊಬ್ಬರು ಮೊದಲೇ ಮಾತಾಡಿಕೊಂಡ ಹಾಗೆ ಕನಸೊಳಗಿಂದ ಕಣ್ಣನ್ನು ಎಡಕ್ಕೂ ಬಲಕ್ಕೂ ಆಡಿಸಿ ಸನ್ನೆ ಕೊಟ್ಟರು. ಆಗ ನಿದ್ದೆ ಆರ್‌ಇಎಂ ಹಂತದಲ್ಲೇ ಇತ್ತು. ಆಮೇಲೆ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಸ್ಟೀಫನ್ ಲಾಬರ್ಜ್ ಅವರೂ ಇದನ್ನೇ ತೋರಿಸಿದರು.

ಧ್ಯಾನದಿಂದ ಇದು ಹೆಚ್ಚುತ್ತದಾ? 2019ರಲ್ಲಿ ಪ್ರಕಟವಾದ ಬೆಂಜಮಿನ್ ಬೇರ್ಡ್ ಮತ್ತು ಜೊತೆಗಾರರ ಅಧ್ಯಯನದಲ್ಲಿ, ವರ್ಷಗಟ್ಟಲೆ ಧ್ಯಾನ ಮಾಡಿದವರಿಗೆ ಇಂಥ ಕನಸು ಜಾಸ್ತಿ ಕಂಡುಬಂತು. ಎಂಟು ವಾರದ ತರಬೇತಿ ಪಡೆದವರಲ್ಲಿ ಹೆಚ್ಚಳ ಕಾಣಲಿಲ್ಲ. ಹಾಗಾಗಿ ನಾಲ್ಕು ತಿಂಗಳಿಗೆ ಬರಲಿಲ್ಲ ಅಂತ ಯಾರೂ ಕೊರಗಬೇಕಿಲ್ಲ.

ಗಾಢ ನಿದ್ದೆಯಲ್ಲೂ ಸಾಕ್ಷಿಯಾಗಿರುವುದು ಮೂರನೆಯದು. ಮಾಂಡೂಕ್ಯ ಉಪನಿಷತ್ತು ಎಚ್ಚರ, ಕನಸು, ಗಾಢ ನಿದ್ದೆ ಮೂರನ್ನೂ ಹೇಳಿ, ಅವುಗಳಾಚೆ ತುರೀಯ, ಅಂದರೆ ನಾಲ್ಕನೆಯದು, ಅಂತ ಹೇಳುತ್ತದೆ. ನನಗೆ ಅದರ ಅನುಭವ ಇಲ್ಲ, ಅದರ ಬಗ್ಗೆ ಸುಮ್ನೆ ಮಾತಾಡಲಾರೆ.

ನಿಮ್ಮ ನಿದ್ದೆ ಕೆಟ್ಟಿದೆಯೋ ಇಲ್ಲವೋ ರಾತ್ರಿ ತೀರ್ಮಾನಿಸಬೇಡಿ, ಬೆಳಗ್ಗೆ ನೋಡಿ. ಎದ್ದಾಗ ಮೈ ಹಗುರ, ಮಧ್ಯಾಹ್ನ ತೂಕಡಿಕೆ ಇಲ್ಲ ಅಂದರೆ ಧ್ಯಾನ ಮುಂದುವರಿಸಿ. ತಲೆ ಭಾರ, ಸಿಡುಕು, ದಿನವಿಡೀ ಜೊಂಪು ಇದ್ದರೆ ನಿದ್ದೆ ಸಾಲುತ್ತಿಲ್ಲ. ಆಗ ರಾತ್ರಿಯ ಧ್ಯಾನವನ್ನು ಸಂಜೆಗೆ ತನ್ನಿ. ಹಾಸಿಗೆಗೆ ಹೋದ ಮೇಲೆ ಏನನ್ನೂ ಗಮನಿಸಲು ಹೋಗಬೇಡಿ, ಆ ಕೆಲಸವೇ ನಿದ್ದೆಯನ್ನು ಓಡಿಸುತ್ತದೆ. ಕನಸಿನ ಆಸೆಗೆ ನಡುರಾತ್ರಿ ಅಲಾರಾಂ ಇಡುವವರಿದ್ದಾರೆ, ನೀವು ಈಗ ಅದಕ್ಕೆ ಕೈ ಹಾಕಲೇಬೇಡಿ. ಹಗಲಲ್ಲೂ ಇದು ಕನಸೋ ನಿಜವೋ ಅನ್ನಿಸತೊಡಗಿದರೆ, ಅಥವಾ ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಧ್ಯಾನ ನಿಲ್ಲಿಸಿ ವೈದ್ಯರನ್ನು ಕಾಣಿ.

ಎರಡು ವಾರ ದಿಂಬಿನ ಪಕ್ಕ ಒಂದು ಪುಸ್ತಕ ಇಟ್ಟುಕೊಳ್ಳಿ. ಎದ್ದ ತಕ್ಷಣ ಎರಡೇ ಸಾಲು: ಏನು ನೆನಪಿದೆ, ಮೈ ಹೇಗಿದೆ. ಆಮೇಲೆ ಇಲ್ಲೇ ಬರೆಯಿರಿ, ಒಟ್ಟಿಗೆ ನೋಡೋಣ.