ಮೊಮ್ಮಗಳ ಮನೆಮಾತಿಗೆ ಅಮೆರಿಕದ ಶಾಲೆಯಲ್ಲಿ ಬೆಲೆ ಇದೆಯೇ?

ಪ್ರಶ್ನೆ: ಮಗಳ ಸಂಸಾರ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದೆ. ಮೊಮ್ಮಗಳಿಗೆ ಈಗ ಒಂಬತ್ತನೇ ತರಗತಿ. ನಮ್ಮ ಹತ್ತಿರ ಕೊಡವ ತಕ್ಕ್ ಮಾತಾಡುತ್ತಾಳೆ, ತೋಟದ ಕೆಲಸದವರ ಹತ್ತಿರ ಕನ್ನಡ. ಎರಡನ್ನೂ ಓದಲು, ಬರೆಯಲು ಬರುವುದಿಲ್ಲ. ಅಲ್ಲಿ ಎರಡು ಭಾಷೆ ಬಲ್ಲ ಮಕ್ಕಳಿಗೆ ಹೈಸ್ಕೂಲಿನಲ್ಲಿ ಒಂದು ಮುದ್ರೆ ಕೊಡುತ್ತಾರಂತೆ, ಅದರಿಂದ ಕಾಲೇಜಿನ ಕ್ರೆಡಿಟ್ (ಡಿಗ್ರಿ ಮುಗಿಸಲು ಕೂಡಿಸಬೇಕಾದ ಕಲಿಕೆಯ ಲೆಕ್ಕ) ಮುಂಚೆಯೇ ಸಿಗುತ್ತದಂತೆ. ಅಳಿಯ ಸ್ಪ್ಯಾನಿಷ್ ತೆಗೆದುಕೊಳ್ಳಲಿ ಅನ್ನುತ್ತಾರೆ. ನಮ್ಮ ಭಾಷೆ ಲೆಕ್ಕಕ್ಕೆ ಬರುವುದೇ ಇಲ್ಲವೇ?
– ಓದುಗರು, ಪೊನ್ನಂಪೇಟೆ

ಖಂಡಿತ ಬರುತ್ತದೆ ಅಮ್ಮ. ಆದರೆ ಮಾತು ಬಂದರಷ್ಟೇ ಸಾಲದು, ಅಕ್ಷರವೂ ಬರಬೇಕು. ಅದಕ್ಕೆ ನಿಮ್ಮ ಮೊಮ್ಮಗಳ ಕೈಯಲ್ಲಿ ಇನ್ನೂ ಮೂರು ವರ್ಷಕ್ಕಿಂತ ಜಾಸ್ತಿ ಸಮಯ ಇದೆ.

ಆ ಮುದ್ರೆಯ ಹೆಸರು ಸೀಲ್ ಆಫ್ ಬೈಲಿಟರಸಿ. ಇದಕ್ಕಾಗಿ ಮೊದಲು ಕಾನೂನು ಮಾಡಿದ ರಾಜ್ಯವೇ ಕ್ಯಾಲಿಫೋರ್ನಿಯಾ, 2011ರಲ್ಲಿ. ಆಮೇಲೆ ಉಳಿದ ರಾಜ್ಯಗಳು ಒಂದೊಂದಾಗಿ ಸೇರಿಕೊಂಡವು. ಇಂಗ್ಲಿಷ್ ಜೊತೆಗೆ ಇನ್ನೊಂದು ಭಾಷೆ ಚೆನ್ನಾಗಿ ಬರುತ್ತದೆ ಎಂದು ತೋರಿಸಿದ ಮಗುವಿಗೆ ಹೈಸ್ಕೂಲು ಮುಗಿಯುವಾಗ ಡಿಪ್ಲೊಮಾದ ಮೇಲೆ ಈ ಮುದ್ರೆ ಬೀಳುತ್ತದೆ. ಒಂದಕ್ಕಿಂತ ಹೆಚ್ಚು ಭಾಷೆಗೂ ಪಡೆಯಬಹುದು. ಹಾಗಾಗಿ ಅಳಿಯ ಮತ್ತು ನೀವು ಹಟ ಹಿಡಿಯುವ ಅಗತ್ಯವೇ ಇಲ್ಲ. ಸ್ಪ್ಯಾನಿಷ್ ಶಾಲೆಯಲ್ಲಿ ಆಗಲಿ, ನಮ್ಮ ಭಾಷೆ ಮನೆಯಲ್ಲಿ ಆಗಲಿ.

ಕನ್ನಡಕ್ಕೆ ದಾರಿ ಸುಲಭ. ಅವಾಂಟ್ ಎಂಬ ಸಂಸ್ಥೆ ನಡೆಸುವ ಸ್ಟ್ಯಾಂಪ್ ಪರೀಕ್ಷೆಯ ಭಾಷೆಗಳಲ್ಲಿ ಕನ್ನಡವೂ ಇದೆ. ವಿಷಯ ಕೊಟ್ಟು ಬರೆಯಿಸುತ್ತಾರೆ, ಮಾತಾಡಿಸಿ ರೆಕಾರ್ಡ್ ಮಾಡಿಕೊಳ್ಳುತ್ತಾರೆ. ಆದರೆ ಯಾವ ಪರೀಕ್ಷೆಯನ್ನು ಒಪ್ಪಬೇಕು ಎಂದು ತೀರ್ಮಾನಿಸುವುದು ಅವಳ ಶಾಲಾ ಡಿಸ್ಟ್ರಿಕ್ಟ್, ಅಂದರೆ ಆ ಭಾಗದ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತ. ಅದನ್ನು ಮೊದಲೇ ಕೇಳಬೇಕು.

ಕೊಡವ ತಕ್ಕಿನ ಕಥೆ ಬೇರೆ. 2011ರ ಜನಗಣತಿಯಲ್ಲಿ ಅದನ್ನು ಮಾತೃಭಾಷೆ ಎಂದು ಬರೆಸಿದವರು 1.13 ಲಕ್ಷ ಚಿಲ್ಲರೆ ಮಂದಿ. ಯುನೆಸ್ಕೊ ಅದನ್ನು ಅಳಿವಿನ ಅಂಚಿನ ಭಾಷೆಗಳ ಪಟ್ಟಿಯಲ್ಲಿ ಇಟ್ಟಿದೆ. ಇಷ್ಟು ಚಿಕ್ಕ ಭಾಷೆಗೆ ಅಮೆರಿಕದ ಪರೀಕ್ಷಾ ಸಂಸ್ಥೆಗಳು ಸಿದ್ಧ ಪರೀಕ್ಷೆ ಮಾಡಿ ಇಡುವುದಿಲ್ಲ. ಹಾಗೆಂದು ಬಾಗಿಲು ಮುಚ್ಚಿಲ್ಲ. ಸಿದ್ಧ ಪರೀಕ್ಷೆ ಇಲ್ಲದ ಭಾಷೆಗೆ ಡಿಸ್ಟ್ರಿಕ್ಟೇ ತನ್ನದೊಂದು ಪರೀಕ್ಷೆ ನಡೆಸಲು ಕ್ಯಾಲಿಫೋರ್ನಿಯಾ ಕಾನೂನಿನಲ್ಲಿ ಅವಕಾಶ ಇದೆ. ನಾಲ್ಕು ವರ್ಷದ ಹೈಸ್ಕೂಲು ಓದಿನ ಮಟ್ಟಕ್ಕೆ ಅದು ಸರಿಸಮ ಇದೆ ಎಂದು ಡಿಸ್ಟ್ರಿಕ್ಟ್ ದೃಢಪಡಿಸಬೇಕು. ಒಬ್ಬ ಮಗುವಿಗಾಗಿ ಇಷ್ಟೆಲ್ಲ ಮಾಡುತ್ತಾರಾ? ಎಲ್ಲ ಕಡೆ ಮಾಡಲಿಕ್ಕಿಲ್ಲ. ಆದರೂ ಕೇಳಲೇಬೇಕು ಎಂದು ನನ್ನ ಆಸೆ. ನಾವು ಕೇಳದಿದ್ದರೆ ಇಂಥ ಒಂದು ಭಾಷೆ ಇದೆ ಎಂಬುದೇ ಅವರಿಗೆ ಗೊತ್ತಾಗುವುದಿಲ್ಲ.

ಇದರಲ್ಲಿ ನಿಮಗೊಂದು ದೊಡ್ಡ ಅನುಕೂಲ ಇದೆ. ಕೊಡವ ತಕ್ಕನ್ನು ಹೆಚ್ಚಾಗಿ ಬರೆಯುವುದು ಕನ್ನಡ ಲಿಪಿಯಲ್ಲೇ. ಮಡಿಕೇರಿಯ ಕೊಡವ ಸಾಹಿತ್ಯ ಅಕಾಡೆಮಿ ತರುವ ಪುಸ್ತಕಗಳೂ ಕನ್ನಡ ಅಕ್ಷರದಲ್ಲೇ ಇವೆ. ಅವಳು ಅಕ್ಷರಮಾಲೆ, ಕಾಗುಣಿತ, ಒತ್ತಕ್ಷರ ಒಂದು ಸಲ ಕಲಿತರೆ ಎರಡು ಭಾಷೆಯೂ ಕೈಗೆ ಬರುತ್ತವೆ.

ನಾನು ಮಡಿಕೇರಿಯಲ್ಲಿ ಪಿಯು ಮಕ್ಕಳಿಗೆ ಕನ್ನಡ ಪಾಠ ಮಾಡಿದವಳು. ಹೊರದೇಶದಿಂದ ರಜೆಗೆ ಬರುವ ಮಕ್ಕಳನ್ನು ಬೇಕಾದಷ್ಟು ನೋಡಿದ್ದೇನೆ. ಪಟಪಟ ಮಾತಾಡುತ್ತಾರೆ, ಬಸ್ಸಿನ ಬೋರ್ಡು ಕಂಡರೆ ಅಪ್ಪನ ಮುಖ ನೋಡುತ್ತಾರೆ. ಮಾತು ಇರುವ ಮಗುವಿಗೆ ಅಕ್ಷರ ಕಲಿಸುವುದು ಅಂಥ ಕಷ್ಟವಲ್ಲ. ಬೇಕಾದದ್ದು ದಿನಾ ಅರ್ಧ ಗಂಟೆ, ಬಿಡದೆ. ಆಮೇಲೆ ಫೋನಿನಲ್ಲಿ ಕನ್ನಡ ಕೀಬೋರ್ಡ್ ಹಾಕಿಕೊಟ್ಟು, ನಿಮಗೆ ಕನ್ನಡದಲ್ಲೇ ವಾಟ್ಸಾಪ್ ಮಾಡು ಎಂದು ಹೇಳಿ. ಪರೀಕ್ಷೆ ಕಂಪ್ಯೂಟರಿನಲ್ಲಿ ಇರುವುದರಿಂದ ಟೈಪಿಂಗ್ ಅಭ್ಯಾಸ ಬೇಕೇ ಬೇಕು.

ಇನ್ನು ಅಲ್ಲಿ ಮಟ್ಟ ಅಳೆಯುವ ರೀತಿ. ಸ್ವಂತ ವಾಕ್ಯ ಕಟ್ಟಿ, ದಿನನಿತ್ಯದ ವಿಷಯ ಹೇಳಬಲ್ಲವರು ಇಂಟರ್‌ಮೀಡಿಯೆಟ್. ಆಗಿದ್ದು, ಆಗುತ್ತಿರುವುದು, ಆಗುವುದು ಮೂರನ್ನೂ ಎಳೆ ತಪ್ಪದೆ ವಿವರಿಸಬಲ್ಲವರು ಅಡ್ವಾನ್ಸ್ಡ್. ಮನೆಮಾತಿನ ಮಕ್ಕಳು ಸಿಕ್ಕಿಬೀಳುವುದು ಇಲ್ಲೇ. ‘ಅಜ್ಜಿ, ನೀರು ಕೊಡಿ’, ‘ನಂಗೆ ಬೇಡ’ ಎಂಬಲ್ಲಿಗೆ ಅವರ ಮಾತು ಮುಗಿದುಹೋಗುತ್ತದೆ. ಆದ್ದರಿಂದ ಉದ್ದಕ್ಕೆ ಹೇಳುವ ಅಭ್ಯಾಸ ಮಾಡಿಸಿ. ಅವಳ ಬೇಸಿಗೆ ರಜೆ ಅಂದರೆ ನಮಗೆ ಮಳೆಗಾಲ, ಅಲ್ವಾ? ಕೊಡವರ ಕಕ್ಕಡ ತಿಂಗಳ ಹದಿನೆಂಟಕ್ಕೆ, ಆಗಸ್ಟ್ 3ಕ್ಕೆ, ಅವಳು ಇಲ್ಲೇ ಇದ್ದರೆ ಮದ್ದುಸೊಪ್ಪು ತರುವಾಗ ಜೊತೆಗೆ ಕರೆದುಕೊಂಡು ಹೋಗಿ. ಸೊಪ್ಪು ತೊಳೆದು ಬೇಯಿಸುವಾಗ ನೀರು ಹೇಗೆ ನೇರಳೆ ಬಣ್ಣಕ್ಕೆ ತಿರುಗಿತು, ಆ ರಸದಲ್ಲಿ ಅಕ್ಕಿ ಬೇಯಿಸಿ ಬೆಲ್ಲ, ಕಾಯಿ ಯಾವಾಗ ಹಾಕಿದಿರಿ, ಮನೆಗೆಲ್ಲ ಎಂಥ ಪರಿಮಳ ಬಂತು, ಇದನ್ನು ರಾತ್ರಿ ಅವಳು ಅಮ್ಮನಿಗೆ ಫೋನಿನಲ್ಲಿ ಮೊದಲಿಂದ ಕೊನೆಯವರೆಗೆ ಹೇಳಲಿ. ಮರುದಿನ ಅದನ್ನೇ ಹತ್ತು ಸಾಲು ಬರೆಯಲಿ. ಪರೀಕ್ಷೆ ಕೇಳುವುದು ಇದನ್ನೇ. ಟ್ಯೂಷನ್ನಿಗಿಂತ ನಿಮ್ಮ ಅಡುಗೆಮನೆ ಮೇಲು.

ಈಗ ಕ್ರೆಡಿಟ್. ಇಲ್ಲಿ ತುಂಬಾ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಮುದ್ರೆ ಬೇರೆ, ಕಾಲೇಜಿನ ಕ್ರೆಡಿಟ್ ಬೇರೆ. ಮುದ್ರೆ ಕೊಡುವುದು ಶಾಲೆ, ಕ್ರೆಡಿಟ್ ಕೊಡುವುದು ಮುಂದೆ ಸೇರುವ ಕಾಲೇಜು. ಇಲಿನಾಯ್, ಮಿನ್ನೆಸೋಟದಂಥ ರಾಜ್ಯಗಳಲ್ಲಿ ಈ ಮುದ್ರೆಗೆ ಸರ್ಕಾರಿ ಕಾಲೇಜುಗಳಲ್ಲಿ ಕ್ರೆಡಿಟ್ ಸಿಗಲು ಕಾನೂನೇ ದಾರಿ ಮಾಡಿದೆ. ಕ್ಯಾಲಿಫೋರ್ನಿಯಾದಲ್ಲಿ ಮುದ್ರೆ ಸಿಕ್ಕಿತು ಎಂದು ಕ್ರೆಡಿಟ್ ತಾನಾಗಿ ಬರುತ್ತದೆ ಅಂದುಕೊಳ್ಳಬೇಡಿ. ಆದರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಸೇರಲು ಇಂಗ್ಲಿಷ್ ಅಲ್ಲದ ಒಂದು ಭಾಷೆಯನ್ನು 2 ವರ್ಷ ಓದಿರಬೇಕು, ಇಲ್ಲವೇ ಅಷ್ಟು ಬರುತ್ತದೆ ಎಂದು ತೋರಿಸಬೇಕು. ಅಲ್ಲಿ ಕನ್ನಡ ಉಪಯೋಗಕ್ಕೆ ಬರಬಹುದು.

ಕ್ರೆಡಿಟ್ಟಿಗೆ ಗಟ್ಟಿ ದಾರಿ ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್), ಅಂದರೆ ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ ಪರೀಕ್ಷೆ. ಕಾಲೇಜ್ ಬೋರ್ಡ್ ಎಂಬ ಸಂಸ್ಥೆ ಪ್ರತಿ ಮೇ ತಿಂಗಳಲ್ಲಿ ನಡೆಸುತ್ತದೆ, 1ರಿಂದ 5ರವರೆಗೆ ಅಂಕ. 3 ಬಂದರೂ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಕ್ರೆಡಿಟ್ ಕೊಡುತ್ತದೆ. ಆದರೆ ಎಪಿಯಲ್ಲಿ ಸ್ಪ್ಯಾನಿಷ್, ಫ್ರೆಂಚ್, ಜರ್ಮನ್, ಇಟಾಲಿಯನ್, ಚೈನೀಸ್, ಜಪಾನೀಸ್, ಲ್ಯಾಟಿನ್ ಇವೆಯೇ ಹೊರತು ಭಾರತದ ಒಂದು ಭಾಷೆಯೂ ಇಲ್ಲ. ಹಿಂದಿಯೂ ಇಲ್ಲ. ನನಗೆ ಇದು ಬಹಳ ನೋವಿನ ವಿಷಯ. ಅಳಿಯನ ಮಾತಿನಲ್ಲಿ ಹುರುಳಿರುವುದು ಇಲ್ಲಿ. ಇನ್ನೊಂದು ದಾರಿ ಡ್ಯುಯಲ್ ಎನ್‌ರೋಲ್‌ಮೆಂಟ್, ಅಂದರೆ ಹೈಸ್ಕೂಲಿನಲ್ಲಿ ಇರುವಾಗಲೇ ಹತ್ತಿರದ ಕಮ್ಯೂನಿಟಿ ಕಾಲೇಜಿನ ಕೋರ್ಸು ಓದುವುದು. ಅಲ್ಲಿ ಪಾಸಾದದ್ದು ಕಾಲೇಜಿನ ದಾಖಲೆಯಲ್ಲೇ ಸೇರುತ್ತದೆ.

ಮಗಳು ಈ ವಾರವೇ ಶಾಲೆಯ ಕೌನ್ಸೆಲರ್‌ಗೆ ಮೇಲ್ ಹಾಕಲಿ. ಕನ್ನಡಕ್ಕೆ ಯಾವ ಪರೀಕ್ಷೆ ಒಪ್ಪುತ್ತೀರಿ, ಯಾವ ಮಟ್ಟ ಬೇಕು, ಯಾವ ತರಗತಿಯಲ್ಲಿ ಬರೆಯಬೇಕು, ಕೊಡವ ತಕ್ಕಿಗೆ ಡಿಸ್ಟ್ರಿಕ್ಟ್ ಪರೀಕ್ಷೆ ಸಾಧ್ಯವೇ ಎಂದು ಕೇಳಲಿ. ಬಾಯಿಮಾತಿನ ಉತ್ತರ ಬೇಡ, ಬರಹದಲ್ಲೇ ಬರಲಿ.

ಪ್ರಶ್ನೆ: ನಾನು ಕುಶಾಲನಗರದಲ್ಲಿ ದ್ವಿತೀಯ ಪಿಯುಸಿ ಓದುತ್ತಿದ್ದೇನೆ. ಅಮೆರಿಕದ ಮಕ್ಕಳ ಹಾಗೆ ನಾವೂ ಡಿಗ್ರಿಯ ಕ್ರೆಡಿಟ್ಟನ್ನು ಈಗಲೇ ಗಳಿಸಬಹುದೇ?
– ವಿದ್ಯಾರ್ಥಿ

ತಮ್ಮಾ, ನಮ್ಮ ಪಿಯು ಓದಿನಲ್ಲಿ ಅಂಥ ಏರ್ಪಾಡು ಇಲ್ಲ. ಡಿಗ್ರಿಗೆ ಸೇರಿದ ಮೇಲೆ ಇದೆ. 2021ರಲ್ಲಿ ಯುಜಿಸಿ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ನಿಯಮ ತಂದಿತು. ನೀನು ಗಳಿಸಿದ ಕ್ರೆಡಿಟ್ ಅಲ್ಲಿ ಜಮಾ ಆಗುತ್ತದೆ, ಹೆಚ್ಚೆಂದರೆ 7 ವರ್ಷ ಬಾಳುತ್ತದೆ. ಕೇಂದ್ರ ಸರ್ಕಾರದ ಸ್ವಯಂ ಪೋರ್ಟಲಿನ ಆನ್‌ಲೈನ್ ಕೋರ್ಸುಗಳಿಂದ ಒಂದು ಸೆಮಿಸ್ಟರಿನ 40 ಶೇಕಡದವರೆಗೆ ಕ್ರೆಡಿಟ್ ತರಲು ನಿಯಮ ಬಿಡುತ್ತದೆ. ಆದರೆ ಯಾವ ಕೋರ್ಸನ್ನು ಒಪ್ಪುತ್ತಾರೆ ಎಂದು ನಿನ್ನ ಕಾಲೇಜಿನಲ್ಲೇ ಕೇಳಬೇಕು. ಕೇಳದೆ ಸೇರಿದರೆ ಕಲಿಕೆ ಸಿಗುತ್ತದೆ, ಕ್ರೆಡಿಟ್ ಸಿಗದೆ ಹೋಗಬಹುದು.

ಸ್ವಯಂ ಕೋರ್ಸುಗಳು ಜನವರಿ ಮತ್ತು ಜುಲೈನಲ್ಲಿ ಶುರುವಾಗುತ್ತವೆ. ನಮ್ಮ ಜಿಲ್ಲೆಯವರು ಜನವರಿಯದನ್ನೇ ಆರಿಸಿಕೊಳ್ಳಿ ಎಂದು ನನ್ನ ಸಲಹೆ. ಜುಲೈನ ಮಳೆಯಲ್ಲಿ ಕರೆಂಟು, ನೆಟ್‌ವರ್ಕು ಎರಡೂ ಹೋಗಿ ವಾರದ ಅಸೈನ್‌ಮೆಂಟ್ ತಪ್ಪಿದರೆ ಯಾರೂ ಕಾಯುವುದಿಲ್ಲ. ಮುಂಚೆಯೇ ಏನಾದರೂ ಮಾಡಲೇಬೇಕು ಅನ್ನಿಸಿದರೆ ಐಐಟಿ ಮದ್ರಾಸಿನ ಆನ್‌ಲೈನ್ ಬಿಎಸ್ ಡಿಗ್ರಿ ನೋಡು. ಪಿಯುಸಿಯಲ್ಲಿ ಇರುವಾಗಲೇ ಕ್ವಾಲಿಫೈಯರ್ ಎಂಬ ಅರ್ಹತಾ ಪರೀಕ್ಷೆ ಬರೆದು, ಪಿಯುಸಿ ಪಾಸಾದ ಮೇಲೆ ಸೇರಬಹುದು.

ಪ್ರಶ್ನೆ: ಮಗ ಸಿಬಿಎಸ್‌ಇ ಏಳನೇ ತರಗತಿ. ಮೂರನೇ ಭಾಷೆಯಾಗಿ ಫ್ರೆಂಚ್ ಕೊಡಿಸಿದ್ದೇವೆ. ಮುಂದೆ ಹೊರದೇಶಕ್ಕೆ ಹೋದರೆ ಈ ಅಂಕ ನಡೆಯುತ್ತದೆಯೇ?
– ಪೋಷಕರು, ವಿರಾಜಪೇಟೆ

ಶಾಲೆಯ ಅಂಕಪಟ್ಟಿ ಒಂದರಿಂದಲೇ ಭಾಷೆ ಎಷ್ಟು ಬರುತ್ತದೆ ಎಂದು ಹೊರಗಿನವರಿಗೆ ತಿಳಿಯುವುದಿಲ್ಲ. ಡೆಲ್ಫ್ ಎಂಬ ಫ್ರೆಂಚ್ ಭಾಷಾ ಪರೀಕ್ಷೆ ಬರೆಯಿಸಿ. ಬೆಂಗಳೂರಿನ ಅಲಯನ್ಸ್ ಫ್ರಾನ್ಸೇಯಲ್ಲಿ ನಡೆಯುತ್ತದೆ, ಸರ್ಟಿಫಿಕೇಟಿಗೆ ಅವಧಿ ಮುಗಿಯುವುದು ಎಂಬುದಿಲ್ಲ. ಎ1 ಎಂಬ ಆರಂಭದ ಮಟ್ಟದಿಂದ ಶುರು ಮಾಡಬಹುದು, ಆಮೇಲೆ ಎ2, ಬಿ1, ಬಿ2. ಫ್ರೆಂಚ್ ಮಾಧ್ಯಮದಲ್ಲಿ ಡಿಗ್ರಿ ಓದಲು ಸಾಮಾನ್ಯವಾಗಿ ಬಿ2 ಕೇಳುತ್ತಾರೆ. ಏಳನೇ ತರಗತಿಯ ಹುಡುಗನಿಗೆ ಅವಸರ ಬೇಡ, ಒಂಬತ್ತು, ಹತ್ತರ ಹೊತ್ತಿಗೆ ಎ2 ಆದರೆ ಒಳ್ಳೆಯ ವೇಗವೇ. ಫ್ರೆಂಚಿಗೆ ಹೊತ್ತು ಸಾಲದು ಎಂದು ಕನ್ನಡದ ಪಿರಿಯಡ್ಡಿಗೆ ಕೈ ಹಾಕಬೇಡಿ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಪ್ರಕಾರ ರಾಜ್ಯದ ಸಿಬಿಎಸ್‌ಇ ಶಾಲೆಗಳೂ ಕನ್ನಡ ಕಲಿಸಬೇಕು.